ಎರಡಿಡುವವಳು, ನಾಲ್ಕಿಡುವವಳು

ರೋಣ ಬಿಟ್ಟು ಮೆಣಸಗಿಯ ಹಾದಿ ಹಿಡಿದರೆ ಎರೆಹೊಲ ಎರಡೂ ಮಗ್ಗುಲಿಗೆ ಕಣ್ಣು ದಣಿಯುವಷ್ಟು ದೂರ ಚಾಚಿಕೊಳ್ಳುತ್ತದೆ. ರಾತ್ರಿ ಶ್ರಾವಣದ ಮಳೆ ಬಿದ್ದಿದ್ದರೆ ಚಪ್ಪಲಿ ಕೈಯಲ್ಲಿ ಹಿಡಿದೇ ನಡೆಯಬೇಕು. ಹತ್ತು ಹೆಜ್ಜೆಯೊಳಗೆ ಅಂಗಾಲಿಗೆ ಸೇರು ಮಣ್ಣು ಮೆತ್ತಿ, ಕಾಲು ಎತ್ತಿಡುವುದೇ ಒಂದು ಕೆಲಸವಾಗುತ್ತದೆ. ಹೆಸರಿನ ಕಾಯಿ ಕಪ್ಪಾಗಿ ಬಿಡಿಸಲು ಬಂದಿದೆ. ಸೆರಗನ್ನು ಸೊಂಟಕ್ಕೆ ಸಿಗಿಸಿಕೊಂಡ ಹೆಂಗಸರು ಸಾಲು ಹಿಡಿದು ಬಗ್ಗಿದವರು ಇನ್ನೂ ನೆಟ್ಟಗಾಗಿಲ್ಲ. ಕಾಯಿ ಕಿತ್ತು ಉಡಿಗೆ ಹಾಕುವ ಚಟಚಟ ಸದ್ದು, ನಡುನಡುವೆ ಯಾರದೋ ಸೊಸೆಯ ಸುದ್ದಿ, ಒಂದು ನಗು. ಹಸಿ ಮಣ್ಣಿನ ವಾಸನೆಗೆ ಹೆಸರುಬಳ್ಳಿಯ ಒಗರು ವಾಸನೆ ಬೆರೆತಿದೆ.

ಹೊಲ ದಾಟಿ ಹಳ್ಳದ ದಂಡೆಗೆ ಇಳಿಯೋಣ ಬನ್ನಿ. ಬೇಸಿಗೆಯಲ್ಲಿ ಉಸುಕು ತೋರಿಸಿಕೊಂಡು ಬಿದ್ದಿರುವ ಬೆಣ್ಣಿಹಳ್ಳ ಈಗ ಕೆಸರುಬಣ್ಣದ ನೀರು ತುಂಬಿಕೊಂಡು ಮಲಪ್ರಭೆಯನ್ನು ಸೇರಲು ಹೊರಟಿದೆ. ದಂಡೆಯ ಜಾಲಿಮರ ನೀರಿನ ಮೇಲೆ ಬಾಗಿದೆ. ಅದರ ಟೊಂಗೆಟೊಂಗೆಗೂ ಗೀಜಗನ ಗೂಡು. ಕೆಲವು ಹಸಿರು, ಕೆಲವು ಒಣಗಿ ಗೋಧಿಬಣ್ಣ, ಕೆಲವು ಅರ್ಧಕ್ಕೇ ನಿಂತು ಟೋಪಿಯಂತೆ ತೂಗುತ್ತಿವೆ. ಗಂಡುಗಳೆಲ್ಲ ತಲೆಗೆ ಅರಿಶಿನ ಬಳಿದುಕೊಂಡು, ಮುಖಕ್ಕೆ ಕಪ್ಪು ಹಚ್ಚಿಕೊಂಡು ಸಿದ್ಧವಾಗಿವೆ. ಒಂದು ಹಕ್ಕಿ ಪಕ್ಕದ ಗೋವಿನಜೋಳದ ಎಲೆಯ ಅಂಚಿಗೆ ಕೊಕ್ಕಿನಿಂದ ಕಚ್ಚು ಹಾಕಿ, ಅದನ್ನು ಹಿಡಿದು ಹಾರಿದರೆ ಎಲೆ ಸರ್ರನೆ ಸೀಳಿ ಮೊಳದುದ್ದದ ಎಳೆ ಕೈಗೆ, ಅಲ್ಲ, ಕೊಕ್ಕಿಗೆ ಬರುತ್ತದೆ. ಗೂಡಿಗೆ ಬಂದು ತಲೆಕೆಳಗಾಗಿ ಜೋತು, ಹೊಸೆದು, ತೂರಿಸಿ, ಎಳೆದು ಗಂಟು ಬಿಗಿಯುತ್ತದೆ. ಅಷ್ಟರಲ್ಲಿ ಗುಬ್ಬಿಯಂಥ ಮಾಸಲು ಬಣ್ಣದ ಹೆಣ್ಣುಗಳ ಗುಂಪು ಬಂತೆಂದರೆ ಮರವೆಲ್ಲ ಒಮ್ಮೆಗೇ ಕಿರುಚಿಕೊಳ್ಳುತ್ತದೆ. ಒಂದೊಂದು ಗಂಡೂ ತನ್ನ ಅರೆಗೂಡಿಗೆ ನೇತುಬಿದ್ದು ರೆಕ್ಕೆ ಬಡಿಯುತ್ತ ಚಿರ್‍ರೆಂದು ಕರೆಯುತ್ತದೆ.

ಹೆಣ್ಣಿಗೆ ಅವಸರವಿಲ್ಲ. ಒಂದು ಗೂಡಿನೊಳಗೆ ತಲೆ ಹಾಕುತ್ತದೆ, ಎಳೆಯೊಂದನ್ನು ಜಗ್ಗಿ ನೋಡುತ್ತದೆ, ಹೊರಗೆ ಬರುತ್ತದೆ, ಪಕ್ಕದ್ದಕ್ಕೆ ಹೋಗುತ್ತದೆ. ನೇಯ್ಗೆಯ ನಾಜೂಕಿಗಿಂತ ಗೂಡು ತೂಗುವ ಜಾಗಕ್ಕೇ ಅದು ಹೆಚ್ಚು ಬೆಲೆ ಕೊಡುತ್ತದೆಂದು ಅಧ್ಯಯನಗಳು ಹೇಳಿವೆ. ಸಂಬಂಧ ನೋಡಲು ಹೋದ ನಮ್ಮ ಹಿರಿಯರೂ ಹುಡುಗನಿಗಿಂತ ಮೊದಲು ಊರಿನ ನೀರು ನೋಡುತ್ತಿದ್ದರಲ್ಲ! ಒಪ್ಪಿದರೆ ಗಂಡು ಮೊಟ್ಟೆಯ ಕೋಣೆ ಮುಗಿಸಿ, ಕೆಳಕ್ಕೆ ಕೊಳವೆ ಇಳಿಬಿಡುತ್ತದೆ. ಆಮೇಲೆ ಅದೇ ಗಂಡು ಮತ್ತೊಂದು ಗೂಡಿಗೆ ಎಳೆ ಸೀಳಲು ಹೋಗುತ್ತದೆ, ಮತ್ತೊಬ್ಬಳಿಗಾಗಿ. ಗೀಜಗನ ಈ ಸಂಸಾರದ ಗುಟ್ಟನ್ನು ಪಕ್ಷಿತಜ್ಞ ಸಲೀಂ ಅಲಿ ಮುಂಬಯಿ ಬಳಿಯ ಕಿಹೀಮ್‌ನಲ್ಲಿ ಕೂತು ನೋಡಿ 1931ರಲ್ಲಿ ಬರೆದರು.

ಗಾಳಿಗೆ ಉದುರಿದ ಗೂಡನ್ನು ಹರಿದು ನೋಡಿದ ಹುಡುಗರಿಗೆ ಇನ್ನೊಂದು ಸಂಗತಿ ಗೊತ್ತು. ಹೆಸರು ಬಿಡಿಸುವವರಲ್ಲಿ ಒಬ್ಬಾಕೆ ನಮ್ಮನ್ನು ನೋಡಿ ತಾನಾಗಿಯೇ ಹೇಳುತ್ತಾಳೆ: "ಒಂದರಾಗ ಎರಡ ತತ್ತಿ ಇರ್ತಾವ್ರಿ, ಒಂದರಾಗ ನಾಕ. ಗಿಡ ಒಂದ, ನೀರ ಒಂದ, ಕಾಳ ಒಂದ. ಹಿಂಗ್ಯಾಕಂತ?"

ಆಕೆ ಕೇಳಿದ್ದು ಸಣ್ಣ ಪ್ರಶ್ನೆಯಲ್ಲ. ನೆಲಗುಬ್ಬಿ ದನದ ಗೊರಸಿನ ಗುಂಡಿಯಲ್ಲಿ ಎರಡೋ ಮೂರೋ ಇಡುತ್ತದೆ, ಮನೆಗುಬ್ಬಿ ಮೂರರಿಂದ ಐದು ಇಡುತ್ತದೆ ಎಂದರೆ ಅದು ಜಾತಿಜಾತಿಯ ರೀತಿ ಎಂದು ಸುಮ್ಮನಾಗಬಹುದು. ಒಂದೇ ಜಾತಿ, ಒಂದೇ ಮರ, ಒಂದೇ ಮಳೆಯಲ್ಲಿ ಒಬ್ಬಳು ಎರಡಕ್ಕೆ ನಿಲ್ಲುವುದು, ನೆರೆಯವಳು ನಾಲ್ಕು ಇಡುವುದು ಏಕೆ? ಹಾಡುಹಕ್ಕಿಗಳ ಮೈಯೊಳಗೆ ಈ ವ್ಯತ್ಯಾಸದ ಬೇರನ್ನು ಹುಡುಕಿದವರು ಕೆನಡಾದಿಂದ ಹಾಲೆಂಡಿನವರೆಗೆ ಇದ್ದಾರೆ. (ಹಾಡುಹಕ್ಕಿ ಎಂದರೆ ಕೋಗಿಲೆ ನೆನಪಾಗುತ್ತದೆ. ಆದರೆ ವಿಜ್ಞಾನದ ಪಟ್ಟಿಯಲ್ಲಿ ಕೋಗಿಲೆ ಇಲ್ಲ; ಗೀಜಗ, ಗುಬ್ಬಿ, ನೆಲಗುಬ್ಬಿ, ಕೊನೆಗೆ ಕರ್ಕಶ ಕಾಗೆಯೂ ಇದೆ. ಗಂಟಲಿನ ರಚನೆ ನೋಡಿ ಮಾಡಿದ ಪಟ್ಟಿ ಅದು, ಕಿವಿಗೆ ಇಂಪೋ ಅಲ್ಲವೋ ಎಂದು ನೋಡಿ ಅಲ್ಲ.)

ಗೂಡೊಳಗೆ ಕೂತ ಹೆಣ್ಣಿನ ಕಡೆ ನೋಡೋಣ. ಇಡೀ ಹಕ್ಕಿಯ ತೂಕ 25 ಗ್ರಾಂ ಆಸುಪಾಸು. ಬೆಳ್ಳನೆಯ ಒಂದು ಮೊಟ್ಟೆ ಎರಡು ಗ್ರಾಂ ಮೀರುತ್ತದೆ. ನಾಲ್ಕಿಟ್ಟವಳು ನಾಲ್ಕು ದಿನದಲ್ಲಿ ತನ್ನ ಮೈತೂಕದ ಮೂರನೇ ಒಂದು ಪಾಲಿಗಿಂತ ಹೆಚ್ಚನ್ನು ಹೊರಗಿಟ್ಟಂತಾಯಿತು. ಇದಕ್ಕೆ ಬೇಕಾದ ಅಂಗವೂ ಜೋಡಿಯಲ್ಲ. ಹಾಡುಹಕ್ಕಿಗಳಲ್ಲಿ ಕೆಲಸ ಮಾಡುವುದು ಎಡಗಡೆಯ ಅಂಡಾಶಯ ಒಂದೇ. ಅದರೊಳಗೆ ಹುಟ್ಟಿದಾಗಿನಿಂದ ಸಾವಿರಾರು ಅಂಡಕೋಶಗಳು ಸಾಸಿವೆಗಿಂತ ಚಿಕ್ಕದಾಗಿ ಕಾದಿರುತ್ತವೆ. ಕಾಲ ಕೂಡಿಬಂದಾಗ ಅವುಗಳಲ್ಲಿ ಒಂದು ಹಳದಿ ತುಂಬಿಕೊಳ್ಳಲು ತೊಡಗುತ್ತದೆ, ಮರುದಿನ ಇನ್ನೊಂದು, ಅದರ ಮರುದಿನ ಮತ್ತೊಂದು. ಸಣ್ಣ ಹಕ್ಕಿಗಳಲ್ಲಿ ಒಂದೊಂದಕ್ಕೆ ಮೂರು ನಾಲ್ಕು ದಿನ ಸಾಕು. ತುಂಬಿದ ಹಳದಿ ಜಾರಿ ನಾಳಕ್ಕೆ ಬಿದ್ದರೆ ಕೆಲವು ತಾಸು ಬಿಳಿಲೋಳೆಯ ಸುತ್ತು, ಉಳಿದ ಇಡೀ ರಾತ್ರಿ ಸುಣ್ಣದ ಚಿಪ್ಪಿನ ಕೆಲಸ. ಬೆಳಕು ಹರಿಯುವ ಹೊತ್ತಿಗೆ ಮೊಟ್ಟೆ ಗೂಡಿನಲ್ಲಿ.

ಕಾಲ ಕೂಡಿಬಂದದ್ದು ಹಕ್ಕಿಗೆ ಗೊತ್ತಾಗುವುದು ಹೇಗೆ? ಹಕ್ಕಿಗಳು ಹಗಲು ಉದ್ದವಾದುದನ್ನು ಬರೀ ಕಣ್ಣಿನಿಂದ ಅಳೆಯುವುದಿಲ್ಲ. ಬೆಳಕು ತೆಳುವಾದ ತಲೆಬುರುಡೆ ದಾಟಿ ಮಿದುಳಿನ ಬುಡಕ್ಕೇ ಮುಟ್ಟುತ್ತದೆ, ಅದನ್ನು ಗ್ರಹಿಸುವ ಜೀವಕೋಶಗಳು ಅಲ್ಲೇ ಇವೆ. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಜೆ.ಪಿ. ಥಪ್ಲಿಯಾಲ್ ಮತ್ತು ಸಂಗಡಿಗರು 1960ರ ದಶಕದಲ್ಲಿ ಗೀಜಗಗಳನ್ನೇ ದೀಪದ ಬೆಳಕಿನಲ್ಲಿಟ್ಟು ಈ ಲೆಕ್ಕವನ್ನು ಪರೀಕ್ಷಿಸಿದ್ದರು. ಮಿದುಳು ಒಂದು ಹಾರ್ಮೋನಿನ ಮೂಲಕ ಪಿಟ್ಯುಟರಿ ಗ್ರಂಥಿಯನ್ನು ಎಬ್ಬಿಸುತ್ತದೆ, ಅದು ಅಂಡಾಶಯವನ್ನು ಎಬ್ಬಿಸುತ್ತದೆ. ತಡೆಯುವ ಕೈಯೂ ಉಂಟು: 2000ದಲ್ಲಿ ಜಪಾನಿನ ಕಜುಯೋಷಿ ತ್ಸುತ್ಸುಯಿ ತಂಡ ಲಾವಕ್ಕಿಯ ಮಿದುಳಿನಲ್ಲಿ ಇದೇ ದಾರಿಗೆ ಬ್ರೇಕ್ ಹಾಕುವ ಹಾರ್ಮೋನನ್ನು ಕಂಡುಹಿಡಿಯಿತು.

ಗಂಡಿನ ಹಾಡಿಗೂ ಇಲ್ಲಿ ಪಾಲಿದೆ. ರೋಣದ ಮಣ್ಣಿನಲ್ಲಿ ಇದನ್ನು ಹೇಳದೆ ಮುಂದೆ ಹೋಗಲಾಗದು. 1922ರಲ್ಲಿ ಗಾಯಕ ಭೀಮಸೇನ ಜೋಶಿ ಹುಟ್ಟಿದ ಊರಿದು. ಡೊನಾಲ್ಡ್ ಕ್ರೂಡ್ಸ್‌ಮಾ ಎಂಬ ಅಮೆರಿಕದ ಪಕ್ಷಿವಿಜ್ಞಾನಿ ಹೆಣ್ಣು ಕ್ಯಾನರಿಗಳಿಗೆ ಧ್ವನಿಮುದ್ರಿತ ಹಾಡು ಕೇಳಿಸಿದರು. ಕೆಲವಕ್ಕೆ ಬಗೆಬಗೆಯ ಪಲುಕುಗಳಿರುವ ಹಾಡು, ಕೆಲವಕ್ಕೆ ಎರಡು ಮೂರು ಪಲುಕನ್ನೇ ತಿರುಗಿಸುವ ಬಡ ಹಾಡು. ಸಿರಿವಂತ ಹಾಡು ಕೇಳಿದವು ಬೇಗ ಗೂಡು ಕಟ್ಟಿದವು, ಹೆಚ್ಚು ಮೊಟ್ಟೆಯನ್ನೂ ಇಟ್ಟವು. 1976ರ ಮಾತಿದು. ಗಂಡು ಹತ್ತಿರ ಇರಲೇ ಇಲ್ಲ, ಬರೀ ಟೇಪು. ಹಾಡು ಕಿವಿಯಿಂದ ಮಿದುಳಿಗೆ, ಮಿದುಳಿನಿಂದ ಅಂಡಾಶಯಕ್ಕೆ ಇಳಿದಿತ್ತು.

ಇಷ್ಟು ಕೇಳಿದವರಿಗೆ ಎಲ್ಲವನ್ನೂ ಮಿದುಳೇ ನಡೆಸುತ್ತದೆ ಅನ್ನಿಸುತ್ತದೆ. ವಿಜ್ಞಾನಿಗಳಿಗೂ ಬಹಳ ಕಾಲ ಹಾಗೇ ಅನ್ನಿಸಿತ್ತು.

ನರಗುಂದಕ್ಕೆ ಬರುವಷ್ಟರಲ್ಲಿ ಮೋಡ ಹರಿದು ಬಿಸಿಲು ಚುರುಗುಟ್ಟುತ್ತಿರುತ್ತದೆ. ಗುಡ್ಡದ ಮೇಲೆ ಕೋಟೆ, ಬುಡಕ್ಕೆ ಊರು, ಪೇಟೆಯಲ್ಲಿ ಹೊಸ ಹೆಸರಿನ ಚೀಲಗಳ ಅಟ್ಟಿ. ಹಳೆಯ ಓಣಿಯ ಮಾಳಿಗೆ ಮನೆಗಳಲ್ಲಿ ಜಂತಿಯ ಸಂದಿಗೆ ಹುಲ್ಲು ಇಣುಕಿದೆ ಎಂದರೆ ಅಲ್ಲಿ ಗುಬ್ಬಿ ಇದೆ. ಪಡಸಾಲೆಯಲ್ಲಿ ಕಂಬಕ್ಕೊರಗಿ ಕೂತರೆ ತಂಪಾದ ಕತ್ತಲು, ಮೊಸರಿನ ಗಡಿಗೆಯ ಹುಳಿವಾಸನೆ, ಒಳಗಿಂದ ರೊಟ್ಟಿ ಬಡಿಯುವ ಪಟಪಟ ಸದ್ದು. ಅದರ ತಾಳಕ್ಕೆ ಸಿಕ್ಕದ ಚಿಲಿಪಿಲಿ ಮೇಲಿನಿಂದ. ಗೂಡಿನಿಂದ ಒಂದು ಎಳೆ ಹುಲ್ಲು ತಿರುಗುತ್ತ ಬಂದು ತಾಟಿಗೆ ಬೀಳುತ್ತದೆ, ಯಾರೂ ಬೇಸರಿಸುವುದಿಲ್ಲ. ಗುಬ್ಬಿ ಗೂಡು ಕಟ್ಟಿದ ಮನೆ ತುಂಬಿದ ಮನೆ ಎಂಬ ನಂಬಿಕೆ ಇಲ್ಲಿ ಇನ್ನೂ ಗಟ್ಟಿ.

ದಿನಕ್ಕೊಂದರಂತೆ ಇಡುತ್ತ ಹೋಗುವ ಹಕ್ಕಿ ಎಲ್ಲಿ ನಿಲ್ಲಿಸಬೇಕೆಂದು ಹೇಗೆ ಅರಿಯುತ್ತದೆ? ಆಸ್ಟ್ರೇಲಿಯದ ಜೀಬ್ರಾ ಫಿಂಚ್ ಎಂಬ ಪುಟ್ಟ ಹಕ್ಕಿಯಲ್ಲಿ ಇದಕ್ಕೆ ಒಂದು ಉತ್ತರ ಸಿಕ್ಕಿತು: ಮೊದಲ ಮೊಟ್ಟೆಗಳು ಹೊಟ್ಟೆಯ ಚರ್ಮಕ್ಕೆ ತಾಗುವ ಸ್ಪರ್ಶವೇ ಒಳಗೆ ಬೆಳೆಯಲಿದ್ದ ಮುಂದಿನ ಕೋಶಗಳನ್ನು ತಡೆಯುತ್ತದೆ. ಕಾವಿಗೆ ಕೂರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನಿಗೂ ಇದರಲ್ಲಿ ಕೈವಾಡವಿರಬಹುದೆಂದು ಹಲವರ ಊಹೆ. ಸಾಲಿನಲ್ಲಿ ನಿಂತಿದ್ದ ಕೋಶಗಳು ಆಗ ಕುಗ್ಗಿ ಕರಗುತ್ತವೆ, ಅವುಗಳೊಳಗಿನ ಸರಕು ಮತ್ತೆ ಮೈಗೇ ಸೇರುತ್ತದೆ. ಎಷ್ಟು ಮೊಟ್ಟೆ ಹೊರಗೆ ಬಂತು ಎನ್ನುವುದು ಎಷ್ಟು ಕೋಶ ಒಳಗೇ ಕರಗಿತು ಎನ್ನುವುದರ ಇನ್ನೊಂದು ಮುಖ. ಕರಗುವ ಈ ಕ್ರಿಯೆಯ ಬಗ್ಗೆ ಮೀನು, ಕಪ್ಪೆ, ಹಲ್ಲಿ, ಹಕ್ಕಿಗಳನ್ನೆಲ್ಲ ಒಟ್ಟಿಗೆ ಹಿಡಿದು 1978ರಲ್ಲೇ ದೊಡ್ಡ ಸಮೀಕ್ಷೆ ಬರೆದವರು ಇಲ್ಲಿಗೆ ಹತ್ತಿರದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಎಸ್.ಕೆ. ಸೈದಾಪುರ. ಕಪ್ಪೆಗಳ ಸಂತಾನಶಾಸ್ತ್ರಕ್ಕೆ ಧಾರವಾಡ ಹೆಸರಾದದ್ದು ಅವರಂಥವರಿಂದ. ನಮ್ಮ ಜನ ಧಾರವಾಡವೆಂದರೆ ಪೇಢೆ, ಕವಿತೆ, ಸಂಗೀತ ಎಂದು ಮೂರಕ್ಕೇ ನಿಲ್ಲಿಸಿಬಿಡುತ್ತಾರೆ, ಅದು ನನ್ನ ಹಳೆಯ ತಕರಾರು.

ಈಗ ಗಜೇಂದ್ರಗಡ. ಎರೆ ಮುಗಿದು ಮಸಾರಿ ನೆಲ, ಕೆಂಗಲ್ಲಿನ ಗುಡ್ಡ, ಗುಡ್ಡದ ನೆತ್ತಿಯಲ್ಲಿ ನಿಧಾನ ತಿರುಗುವ ಗಾಳಿಯಂತ್ರಗಳು, ಬೆಟ್ಟದ ಮಗ್ಗುಲಲ್ಲಿ ಕಾಲಕಾಲೇಶ್ವರ. ಊರೊಳಗೆ ನೇಕಾರರ ಓಣಿಯಲ್ಲಿ ಪಟ್ಟೇದಂಚಿನ ಸೀರೆಯ ಮಗ್ಗದ ಸದ್ದು ಕೇಳುತ್ತದೆ: ಖಟಕ್, ಒಂದು ಉಸಿರು, ಖಟಕ್. ಸ್ವಲ್ಪ ಹೊತ್ತು ಈ ಬಾಗಿಲಲ್ಲಿ ನಿಲ್ಲೋಣ, ನಮ್ಮ ಪ್ರಶ್ನೆಗೆ ಇಲ್ಲೊಂದು ಸುಳಿವಿದೆ. ನೇಯುವವನ ಕೈ ಎಷ್ಟೇ ಚುರುಕಾಗಿರಲಿ, ಒಳಮನೆಯಲ್ಲಿ ಕೂತು ಕಂಡಿಗೆ ನೂಲು ಸುತ್ತಿಕೊಡುವವಳ ಕೈ ಓಡದಿದ್ದರೆ ಲಾಳಿ ಬರಿದಾಗಿ ಮಗ್ಗ ನಿಲ್ಲುತ್ತದೆ. ಅಂಡಾಶಯ ಮಗ್ಗವಾದರೆ, ಕಂಡಿ ಸುತ್ತುವವಳು ಯಕೃತ್ತು.

ಹಳದಿಯನ್ನು ಅಂಡಾಶಯ ತಯಾರಿಸುವುದಿಲ್ಲ. ಅದು ಈಸ್ಟ್ರೋಜನ್ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಈ ಹಾರ್ಮೋನು ಯಕೃತ್ತಿನ ಜೀವಕೋಶಗಳ ಒಳಹೊಕ್ಕು ಅಲ್ಲಿನ ಗ್ರಾಹಕಕ್ಕೆ ಅಂಟಿ, ಜೀನುಗಳನ್ನು ಎಬ್ಬಿಸುತ್ತದೆ. ಆಗ ಯಕೃತ್ತು ವಿಟೆಲ್ಲೊಜೆನಿನ್ ಎಂಬ ಪ್ರೋಟೀನನ್ನೂ ಕೊಬ್ಬಿನ ಸಣ್ಣ ಸಣ್ಣ ಉಂಡೆಗಳನ್ನೂ ತಯಾರಿಸಿ ರಕ್ತದಲ್ಲಿ ತೇಲಿಬಿಡುತ್ತದೆ. ಬೆಳೆಯುವ ಅಂಡಕೋಶದ ಮೈಮೇಲಿನ ಇನ್ನೊಂದು ಗ್ರಾಹಕ ಅವನ್ನು ಹಿಡಿದು ಒಳಗೆಳೆದುಕೊಳ್ಳುತ್ತದೆ. ಈ ಗ್ರಾಹಕದ ಜೀನಿನಲ್ಲಿ ಒಂದೇ ಒಂದು ಕೊಂಡಿ ಬದಲಾದ ಕೋಳಿಗಳಿವೆ. ಅವುಗಳ ಯಕೃತ್ತು ಸರಕು ಕಳಿಸುತ್ತಲೇ ಇರುತ್ತದೆ. ಇಳಿಸಿಕೊಳ್ಳುವವರಿಲ್ಲದೆ ರಕ್ತವೆಲ್ಲ ಕೊಬ್ಬುಮಯ, ಗೂಡು ಮಾತ್ರ ಸಾಮಾನ್ಯವಾಗಿ ಖಾಲಿ.

ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಟೋನಿ ವಿಲಿಯಮ್ಸ್ ದಶಕಗಳ ಕಾಲ ಜೀಬ್ರಾ ಫಿಂಚ್ ಮತ್ತು ಕಬ್ಬಕ್ಕಿಯ ಜಾತಿಯ ಸ್ಟಾರ್ಲಿಂಗ್‌ಗಳ ರಕ್ತ ಪರೀಕ್ಷಿಸಿದವರು. ಒಂದೇ ಪಂಜರಶಾಲೆ, ಒಂದೇ ಕಾಳು, ಒಂದೇ ಹಂತದಲ್ಲಿರುವ ಹೆಣ್ಣುಗಳು. ಆದರೂ ವಿಟೆಲ್ಲೊಜೆನಿನ್ ಪ್ರಮಾಣ ಒಬ್ಬಳಿಂದ ಒಬ್ಬಳಿಗೆ ಹಲವು ಪಟ್ಟು ಬೇರೆ. ರಕ್ತದಲ್ಲಿ ಸರಕು ಹೆಚ್ಚಿದ್ದವಳು ಹೆಚ್ಚು ಇಟ್ಟಳು ಅನ್ನೋಣವೆಂದರೆ ಲೆಕ್ಕ ಅಷ್ಟು ಸರಳವಾಗಿ ಕೂಡಲಿಲ್ಲ. ಕಡಿಮೆ ಸರಕಿನಲ್ಲೇ ಸಲೀಸಾಗಿ ತುಂಬಿಸಿಕೊಂಡವರಿದ್ದರು, ಹೆಚ್ಚಿದ್ದೂ ಕೈಜಾರಿಸಿಕೊಂಡವರಿದ್ದರು. ಇದೇ ಗುಂಪಿನ ಜೂಲಿಯನ್ ಕ್ರಿಶ್ಚಿಯನ್ಸ್ 2002ರಲ್ಲಿ ಅನೇಕ ಜಾತಿಗಳ ದಾಖಲೆ ಒಟ್ಟು ಹಾಕಿ ತೋರಿಸಿದಂತೆ, ಒಂದು ಜಾತಿಯೊಳಗಿನ ಮೊಟ್ಟೆ ಗಾತ್ರದ ವ್ಯತ್ಯಾಸದಲ್ಲಿ ಸುಮಾರು ಶೇ. 70ರಷ್ಟು ತಾಯಿ-ತಾಯಿಯ ನಡುವಿನದು. ಒಬ್ಬಳೇ ತಾಯಿಗೆ ಉಣಿಸು ಹೆಚ್ಚು ಕೊಟ್ಟರೂ ಗಾತ್ರ ಅಷ್ಟಾಗಿ ಕದಲುವುದಿಲ್ಲ. ಎಷ್ಟು ಉಂಡಳು ಎನ್ನುವುದಕ್ಕಿಂತ ಅವಳ ಮೈ ಎಂಥದು ಎನ್ನುವುದೇ ಇಲ್ಲಿ ಹೆಚ್ಚು ಮಾತಾಡುತ್ತದೆ.

ವಿಲಿಯಮ್ಸ್ ಮಾಡಿದ ಇನ್ನೊಂದು ಪ್ರಯೋಗ ನನಗೆ ಬಲು ಇಷ್ಟ. ಸ್ತನ ಕ್ಯಾನ್ಸರಿಗೆ ಕೊಡುವ ಟ್ಯಾಮಾಕ್ಸಿಫೆನ್ ಔಷಧಿ ಈಸ್ಟ್ರೋಜನ್ನಿನ ದಾರಿಗೆ ಅಡ್ಡ ನಿಲ್ಲುತ್ತದೆ. ಅದನ್ನು ಫಿಂಚ್‌ಗಳಿಗೆ ಕೊಟ್ಟಾಗ ಮೊಟ್ಟೆಗಳ ಗಾತ್ರ ತಗ್ಗಿತು, ಅದು ನಿರೀಕ್ಷಿತವೇ. ಆದರೆ ಸಂಖ್ಯೆ ಹೆಚ್ಚಿತು! ದೊಡ್ಡ ಮೊಟ್ಟೆ ಕೆಲವು, ಇಲ್ಲವೇ ಸಣ್ಣ ಮೊಟ್ಟೆ ಹಲವು ಎಂಬ ಕೊಡುಕೊಳ್ಳುವ ಲೆಕ್ಕ ಹಾರ್ಮೋನಿನ ಒಂದು ಎಳೆಯಲ್ಲಿ ಹೆಣೆದುಕೊಂಡಿದೆ ಎಂದಾಯಿತು. ಎರಡಿಟ್ಟವಳನ್ನು ಕಡಿಮೆಯವಳು ಎಂದು ಬೇಗ ತೀರ್ಪು ಕೊಡಬಾರದು. ಎರಡರ ತೂಕವನ್ನೂ ನೋಡಬೇಕು.

ಮಿದುಳಿನ ಮಾತು ಬಿಟ್ಟಿದ್ದೆನಲ್ಲ. ಹಾಲೆಂಡಿನಲ್ಲಿ ಮಾರ್ಸೆಲ್ ವಿಸ್ಸರ್ ಅವರ ತಂಡ ಗ್ರೇಟ್ ಟಿಟ್ ಹಕ್ಕಿಗಳ ಜೀನುಗಳನ್ನು ಓದಿ, ಬೇಗ ಮೊಟ್ಟೆಯಿಡುವ ವಂಶ, ತಡವಾಗಿ ಇಡುವ ವಂಶ ಎಂದು ಬೇರ್ಪಡಿಸಿ ಬೆಳೆಸಿತು. ಹಕ್ಕಿಯಿಂದ ಹಕ್ಕಿಗೆ ಇರುವ ಈ ವ್ಯತ್ಯಾಸದ ಕೀಲಿ ಮಿದುಳಿನಲ್ಲಿ ಸಿಗುತ್ತದೆಂದು ನೋಡಿದರೆ, ಸುಳಿವು ಸಿಕ್ಕಿದ್ದು ಕೆಳಗೆ, ಅಂಡಾಶಯ ಮತ್ತು ಯಕೃತ್ತಿನಲ್ಲಿ. 2019ರಲ್ಲಿ ಅವರು ಪ್ರಕಟಿಸಿದ್ದು ಇದನ್ನೇ. ಮಿದುಳು ಋತು ಬಂತೆಂದು ಡಂಗುರ ಸಾರುತ್ತದೆ, ಎಲ್ಲ ಹೆಣ್ಣುಗಳಿಗೂ ಅದು ಕೇಳಿಸುತ್ತದೆ. ಕೇಳಿದ ಮೇಲೆ ಯಾರು ಎಷ್ಟು, ಯಾವಾಗ ಎಂಬುದನ್ನು ಒಳಮನೆಯ ಕೈಗಳು ತೀರ್ಮಾನಿಸುತ್ತವೆ.

ಅದೇ ವರ್ಷ ಇನ್ನೊಂದು ವಿಚಿತ್ರವೂ ಬಯಲಾಯಿತು. ಜೀಬ್ರಾ ಫಿಂಚ್‌ನಲ್ಲಿ ಒಂದು ಹೆಚ್ಚುವರಿ ಕ್ರೋಮೊಸೋಮು ಇರುವುದು 1998ರಿಂದ ಗೊತ್ತಿತ್ತು. ಅದು ಸ್ನಾಯುವಿನಲ್ಲಿಲ್ಲ, ರಕ್ತದಲ್ಲಿಲ್ಲ, ಯಕೃತ್ತಿನಲ್ಲೂ ಇಲ್ಲ. ಸಂತಾನದ ಕೋಶಗಳಲ್ಲಿ ಮಾತ್ರ. ಗಂಡು ಅದನ್ನು ವೀರ್ಯ ತಯಾರಾಗುವಾಗ ಸಾಮಾನ್ಯವಾಗಿ ಹೊರಹಾಕುತ್ತದೆ, ಹೆಣ್ಣು ಅಂಡದಲ್ಲಿ ಇಟ್ಟುಕೊಂಡು ಮುಂದಿನ ಪೀಳಿಗೆಗೆ ದಾಟಿಸುತ್ತದೆ. 2019ರಲ್ಲಿ ಪರೀಕ್ಷಿಸಿದ ಹಾಡುಹಕ್ಕಿಗಳೆಲ್ಲದರಲ್ಲೂ ಅದು ಸಿಕ್ಕಿತು. ತವರಿನಿಂದ ಬರುವ ಈ ಗಂಟಿನಲ್ಲಿ ಅಂಡಾಶಯದಲ್ಲಿ ಕೆಲಸ ಮಾಡುವ ಜೀನುಗಳಿವೆ.

ಊರ ಹೊರಗೆ ಮಸಾರಿ ಹೊಲಗಳಲ್ಲಿ ಸಜ್ಜೆ ತೆನೆ ಕಟ್ಟುತ್ತಿದೆ. ಬದುವಿನಲ್ಲಿ ಮಳೆಗೆ ಎದ್ದ ಬಸವನಹುಳುಗಳ ಚಿಪ್ಪು ಬಿದ್ದಿವೆ. ಇವೂ ನಮ್ಮ ಕತೆಗೆ ಸೇರಿದವೇ. ಸಣ್ಣ ಹಕ್ಕಿಗಳು ಮೊಟ್ಟೆಯ ಸುಣ್ಣವನ್ನು ಮೂಳೆಯಲ್ಲಿ ಹೆಚ್ಚು ಕೂಡಿಡಲಾರವು, ಇಡುವ ದಿನಗಳಲ್ಲೇ ಹೆಕ್ಕಿ ತಿನ್ನಬೇಕು. ಹಾಲೆಂಡಿನ ಕಾಡುಗಳಲ್ಲಿ ಆಮ್ಲಮಳೆಯಿಂದ ಮಣ್ಣಿನ ಸುಣ್ಣ ತೊಳೆದುಹೋಗಿ ಬಸವನಹುಳು ಕಡಿಮೆಯಾದಾಗ ಟಿಟ್ ಹಕ್ಕಿಗಳ ಮೊಟ್ಟೆಯ ಚಿಪ್ಪು ತೆಳುವಾಗಿ ಒಡೆದುಹೋದದ್ದನ್ನು 1994ರಲ್ಲಿ ದಾಖಲಿಸಿದರು. ನಮ್ಮ ಎರೆಮಣ್ಣನ್ನು ಮೊಳದಾಳ ಕೆದರಿದರೆ ಸುಣ್ಣದ ಹರಳು ಸಿಗುತ್ತವೆ. ಆ ಬಡತನ ಇಲ್ಲಿನ ಹಕ್ಕಿಗಿಲ್ಲ. ರಕ್ತದ ಬಡತನ ಮಾತ್ರ ಎಲ್ಲ ಕಡೆ ಒಂದೇ. ಮೊಟ್ಟೆಯಿಡುವ ದಿನಗಳಲ್ಲಿ ಹೆಣ್ಣಿನ ಕೆಂಪುಕಣಗಳ ಪ್ರಮಾಣ ಇಳಿಯುತ್ತದೆ. ಮರಿಗಳಿಗೆ ಹುಳ ತರಲು ಓಡಾಡಬೇಕಾದದ್ದು ಅದರ ಬೆನ್ನಿಗೇ. ಗೀಜಗದಲ್ಲಿ ಗಂಡು ಅಷ್ಟರಲ್ಲಿ ಇನ್ನೊಂದು ಗೂಡಿನ ಎಳೆ ಸೀಳುತ್ತಿರುತ್ತದೆ, ಆ ಓಡಾಟದ ಬಹುಪಾಲು ಹೆಣ್ಣಿನದೇ.

ಸಜ್ಜೆಯ ನಡುವೆ ನಾಲ್ಕು ಗಳ ನೆಟ್ಟು ಕಟ್ಟಿದ ಅಟ್ಟದ ಮೇಲೆ ರೈತನೊಬ್ಬ ಕವಣೆ ಹಿಡಿದು ಕೂತಿದ್ದಾನೆ. ಮಗ್ಗುಲಲ್ಲಿ ಕಲ್ಲಿನ ಗುಡ್ಡೆ, ನೀರಿನ ಕೊಡ. ಹಕ್ಕಿಯ ಹಿಂಡು ಇಳಿದಾಗೆಲ್ಲ ಎದ್ದು ನಿಂತು ಕವಣೆ ಬೀಸಿ, ಹೋ ಎಂದು ಕೂಗುತ್ತಾನೆ; ಹಿಂಡು ಎದ್ದು ಒಂದು ಸುತ್ತು ಹೊಡೆದು ಹೊಲದ ಆ ತುದಿಗೆ ಇಳಿಯುತ್ತದೆ. ಯಕೃತ್ತು, ಹಳದಿ, ಎರಡಿಡುವವಳು, ನಾಲ್ಕಿಡುವವಳು, ಎಲ್ಲವನ್ನೂ ಆತ ಎಲೆ-ಅಡಿಕೆ ಜಗಿಯುತ್ತ ಸಮಾಧಾನದಿಂದ ಕೇಳುತ್ತಾನೆ. ಆಮೇಲೆ ಕವಣೆಗೆ ಹೊಸ ಕಲ್ಲು ಇಡುತ್ತ ಹೇಳುತ್ತಾನೆ: "ಅದೇನೋ ಖರೆ ಇರಬೇಕ್ರಿ. ಆದ್ರ ನಮ್ಮ ಹೊಲದ ಕಡಿ ಇರೋವು ಮಾತ್ರ ಎರಡಕ್ಕ ನಿಲ್ಲಿಸಿದ್ರ ಭಾಳ ಚಲೋ ಆಕ್ಕಿತ್ತು."